ಆರು ಗಂಟೆಯ ರಾಗ, ಅಧ್ಯಕ್ಷರ ಕಾರಂಜಿ

ಊರಿನ ಸಮಸ್ತ ನಾಗರಿಕರಿಗೂ, ನೆಂಟರಿಷ್ಟರಿಗೂ, ಬಸ್ಸು ತಪ್ಪಿ ಇಲ್ಲೇ ಉಳಿದುಕೊಂಡ ಹಾದಿಹೋಕರಿಗೂ ಈ ಮೂಲಕ ಸವಿನಯವಾಗಿ ತಿಳಿಯಪಡಿಸುವುದೇನೆಂದರೆ, ಚೌಕದ ಮೂಲೆಯಲ್ಲಿರುವ ನನ್ನ ಶಾಮಿಯಾನದ ಅಂಗಡಿಯ ನೀಲಿ ಬಣ್ಣದ ಮಡಚುವ ಕುರ್ಚಿಯೊಂದು ನಿನ್ನೆ ಬೆಳಿಗ್ಗೆ ತನ್ನ ಮೇಲೆ ಕೂರಲು ಮನುಷ್ಯಮಾತ್ರರಿಗೆ ಅನುಮತಿ ದಯಪಾಲಿಸಿದೆ. ಇಷ್ಟು ದಿನ ಯಾರು ಕೂತರೂ ಅದು ಅವರನ್ನು ಮೆಲ್ಲಗೆ, ಮರ್ಯಾದೆಗೆ ಕುಂದು ಬಾರದ ಹಾಗೆ, ನೆಲಕ್ಕೆ ಜಾರಿಸಿಬಿಡುತ್ತಿತ್ತು. ಆ ಕುರ್ಚಿಗೆ ಅಂಗಡಿಯ ಬಾಗಿಲಲ್ಲಿ ಒಂದು ಗಂಟೆ ಬೇಕಿತ್ತಂತೆ. ಗಂಟೆ ತಂದೆ. ಗಂಟೆಗೆ ಹತ್ತಿಯ ದಾರವೇ ಆಗಬೇಕಂತೆ, ನಾನು ಕಟ್ಟಿದ್ದು ನೈಲಾನು. ದಾರ ಬದಲಾಯಿಸಿದೆ, ಕುರ್ಚಿ ಒಪ್ಪಿತು. ಇದು ದೊಡ್ಡ ಸುದ್ದಿಯಲ್ಲ ಅಂತ ಯಾರಿಗಾದರೂ ಅನ್ನಿಸಿದರೆ ಅವರು ನಮ್ಮೂರಿನವರಲ್ಲ.

ನಮ್ಮೂರಿನಲ್ಲಿ ಯಾವ ವಸ್ತುವೂ ತನ್ನ ಪಾಡಿಗೆ ತಾನು ಕೆಲಸ ಮಾಡುವುದಿಲ್ಲ. ಹೊಸದಾಗಿ ಏನು ತಂದರೂ ಪುರಸಭೆಯ ಮೂಲೆ ಕೋಣೆಯಲ್ಲಿರುವ ಲಿನಕ್ಸ್ ಕಂಪ್ಯೂಟರಿನಲ್ಲಿ ಅದನ್ನೊಂದು ಪ್ಯಾಕೇಜು ಅಂತ ಹೆಸರು ಹೇಳಿ ಕೂರಿಸಬೇಕು. ಆಗ ಆ ವಸ್ತು ಯಾವುದರ ಆಸರೆ ಕೇಳುತ್ತದೆ ಎಂದು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡುತ್ತದೆ. ಆ ಆಸರೆಗೂ ಇನ್ನೊಂದು ಆಸರೆ, ಅದಕ್ಕೂ ಮತ್ತೊಂದು. ಎಲ್ಲ ಸರಿಹೋದರೆ ವಸ್ತು ಕೆಲಸ ಶುರು ಮಾಡುತ್ತದೆ, ಇಲ್ಲದಿದ್ದರೆ ಇಲ್ಲ. ಮೇಷ್ಟರ ಮನೆಯ ಮಿಕ್ಸಿ ಹೊಸ್ತಿಲಿಗೆ ಕೆಂಪು ಮ್ಯಾಟು ಬರುವ ತನಕ ತಿರುಗಲಿಲ್ಲ. ಕ್ಷೌರದಂಗಡಿಯ ಕನ್ನಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಸರಿಯಾದ ತಿಂಗಳು ಇರದಿದ್ದರೆ ಗಿರಾಕಿಯ ಮುಖವನ್ನೇ ತೋರಿಸುವುದಿಲ್ಲ. ಹೆಣ್ಣು ನೋಡಲು ಹೋದವರು ನಮ್ಮಲ್ಲಿ ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ. ಅವಳ ಜೊತೆ ಬರುವ ಹೊಲಿಗೆ ಮಿಷನ್ನಿಗೆ ಏನೇನು ಆಸರೆ ಬೇಕು ಎಂದು ಕೇಳುತ್ತಾರೆ.

ಇದರ ಜೊತೆಗೆ ಎರಡು ಸಂಗತಿ ಊರಿನ ಮಗುವಿಗೂ ಗೊತ್ತು. ಒಂದು, ಕಂಪ್ಯೂಟರಿನಿಂದ ತೆಗೆದ ವಸ್ತು ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಆದರೆ ಮತ್ತೆಂದೂ ಕೆಲಸ ಮಾಡುವುದಿಲ್ಲ. ಇನ್ನೊಂದು, ವಸ್ತುವಿನ ಮಾಲೀಕ ತನ್ನ ಇಷ್ಟದ ಷರತ್ತನ್ನೂ ಅದಕ್ಕೆ ಸೇರಿಸಬಹುದು. ಆದರೆ ಒಮ್ಮೆ ಸೇರಿಸಿದ ಷರತ್ತನ್ನು, ಆ ವಸ್ತು ಒಂದು ಸಲವಾದರೂ ಕೆಲಸ ಮಾಡಿದ ಮೇಲಷ್ಟೇ ತಿದ್ದಲು ಬರುತ್ತದೆ. ನಮ್ಮ ಗಡಿಯಾರದಂಗಡಿಯವರು ಹರೆಯದಲ್ಲಿ, ಎದುರು ಮನೆಯ ಕಿಟಕಿ ತೆರೆದಾಗ ಮಾತ್ರ ತಮ್ಮ ದೊಡ್ಡ ಗಡಿಯಾರ ನಡೆಯಬೇಕೆಂದು ಷರತ್ತು ಹಾಕಿದ್ದರು. ಕಿಟಕಿಯ ಹಿಂದೆ ಯಾರಿದ್ದರು ಎಂಬುದು ಬೇಡ. ಷರತ್ತು ಹಾಕಿದ ಸಂಜೆಯೇ ಆ ಮನೆಯವರು ವಾಸ್ತು ಸರಿಯಿಲ್ಲವೆಂದು ಕಿಟಕಿಗೆ ಇಟ್ಟಿಗೆ ಇಟ್ಟುಬಿಟ್ಟರು. ಗಡಿಯಾರ ಇವತ್ತಿಗೂ ನಿಂತಿದೆ. ಅವರಿಗೆ ಮೊಮ್ಮಕ್ಕಳಾಗಿದ್ದಾರೆ, ಗಡಿಯಾರಕ್ಕೆ ಇನ್ನೂ ಒಂದು ನಿಮಿಷವೂ ಆಗಿಲ್ಲ.

ಇಂಥ ಊರು ನಡೆಯುತ್ತಿದೆ ಎಂದರೆ ಅದಕ್ಕೆ ಕಾರಣ ಪಂಕಜಕ್ಕ. ಗಂಟು ಪಂಕಜಕ್ಕ ಎಂದರೆ ಊರಿಗೆಲ್ಲ ಗೊತ್ತು. ಗಂಟುಮೋರೆ ಅವಳದಲ್ಲ, ಅವಳ ಹತ್ತಿರ ಬರುವವರದು. ವಾಪಸು ಹೋಗುವಾಗ ಆ ಗಂಟೂ ಬಿಚ್ಚಿರುತ್ತದೆ. ಕಂಪ್ಯೂಟರ್ ಕೋಣೆಯಲ್ಲಿ ಕನ್ನಡಕವನ್ನು ನೆತ್ತಿಯ ಮೇಲೇರಿಸಿ, ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ, ಕಾಫಿ ಲೋಟವನ್ನು ಕೀಬೋರ್ಡಿನ ಪಕ್ಕದಲ್ಲಿಟ್ಟು ಕೂತಳೆಂದರೆ ಮಹಾರಾಣಿ. ತನ್ನ ಕೆಲಸ ತನಗೆ ಬರುತ್ತದೆ ಎಂಬುದನ್ನು ಅವಳು ಎಂದೂ ಮುಚ್ಚಿಟ್ಟವಳಲ್ಲ. "ನನ್ನಷ್ಟು ಚೆನ್ನಾಗಿ ಬೈಸಿಕೊಳ್ಳೋಕೆ ಈ ಊರಲ್ಲಿ ಇನ್ಯಾರಿಗೆ ಬರುತ್ತೆ ಹೇಳು?" ಎಂದು ನನ್ನನ್ನೇ ಕೇಳುತ್ತಿದ್ದಳು. "ಮಿಷನ್ನು ಬೈಯ್ಯೋಕೆ ಶುರು ಮಾಡಿದ್ರೆ ಎಲ್ಲರೂ ಮೊದಲನೇ ಸಾಲು ಓದಿ ಮುಖ ಊದಿಸಿಕೊಂಡು ಎದ್ದು ಹೋಗ್ತಾರೆ. ನಾನು ಕೊನೇ ತನಕ ಕೂತ್ಕೋತೀನಿ. ಬೈಗುಳದ ಕೊನೇ ಸಾಲಲ್ಲೇ ಕಣಪ್ಪ, ಅದಕ್ಕೇನು ಬೇಕು ಅಂತ ಇರೋದು."

ಅವಳಿಗೆ ಅವಳದೇ ಆದ ಪದ್ಧತಿಯಿತ್ತು. ಮೊದಲು ಕಂಪ್ಯೂಟರಿಗೆ ಊರಿನ ಹೊಸ ಸಮಾಚಾರವನ್ನೆಲ್ಲ ತಿಳಿಸುತ್ತಿದ್ದಳು; ಅರ್ಧಕ್ಕರ್ಧ ಜಗಳ ಬರುವುದೇ ಅದು ನಿನ್ನೆಯ ಊರನ್ನು ತಲೆಯಲ್ಲಿಟ್ಟುಕೊಂಡು ಮಾತಾಡುವುದರಿಂದ ಎಂದು ಅವಳ ಅಭಿಪ್ರಾಯ. ಆಮೇಲೆ 'ಸುಮ್ನೆ ನೋಡೋಣ' ಎಂಬ ಹಂತ. ನಿಜವಾಗಿ ಏನನ್ನೂ ಮಾಡದೆ, ಮಾಡಿದರೆ ಏನಾಗುತ್ತದೆ ಎಂದು ಮಾತ್ರ ಕೇಳಿ ನೋಡುವುದು. ಎಲ್ಲ ನೋಡಿದ ಮೇಲೆ ಕೂರಿಸುವುದು. ಬಲವಂತ ಮಾಡುವ ಆಜ್ಞೆಯೂ ಒಂದಿದೆ, ಅದನ್ನು ಅವಳು ಮುಟ್ಟುತ್ತಿರಲಿಲ್ಲ. ಅವಳಿಗಿಂತ ಮುಂಚೆ ಆ ಕೋಣೆಯಲ್ಲಿದ್ದವರು ಚೌಕದ ಟ್ರಾಫಿಕ್ ಸಿಗ್ನಲನ್ನು ಬಲವಂತವಾಗಿ ಕೂರಿಸಿದ್ದರು. ಸಿಗ್ನಲು ಕೆಂಪಾದಾಗೆಲ್ಲ ಸೈಕಲ್ಲುಗಳ ಜೊತೆಗೆ ಊರಿನ ನಲ್ಲಿಗಳೂ ನಿಲ್ಲತೊಡಗಿದವು. ಸ್ನಾನದ ಮನೆಗಳಲ್ಲಿ ಸೋಪು ಮೆತ್ತಿಕೊಂಡ ಜನ ಹಸಿರು ದೀಪಕ್ಕಾಗಿ ಕಾದದ್ದನ್ನು ಊರು ಮರೆತಿಲ್ಲ.

ಹೋದ ಬೇಸಿಗೆಯಲ್ಲಿ ನಮ್ಮ ಪುರಸಭೆಯ ಅಧ್ಯಕ್ಷರಾದ ಧರಣೇಂದ್ರಯ್ಯನವರಿಗೆ ಚೌಕದ ನಡುವೆ ಸಂಗೀತ ಕಾರಂಜಿ ಚಿಮ್ಮಿಸಬೇಕೆಂಬ ಆಸೆ ಚಿಮ್ಮಿತು. ಒಳ್ಳೆಯ ಮನುಷ್ಯರು, ಊರಿಗೆ ಏನಾದರೂ ಮಾಡಬೇಕೆಂಬ ಹಂಬಲದವರು. ಮಾಡಿದ್ದರ ಮುಂದೆ ತಮ್ಮ ಹೆಸರಿರಬೇಕೆಂಬ ಹಂಬಲ ಅದಕ್ಕಿಂತ ಒಂದು ಗೇಣು ಮುಂದೆ. ಪಾಪ, ಆ ವಿಷಯದಲ್ಲಿ ಅವರದು ನೊಂದ ಜೀವ. ಅವರು ಕಟ್ಟಿಸಿದ ಬಸ್ ತಂಗುದಾಣದ ಉದ್ಘಾಟನೆಯ ದಿನ ಟೇಪು ಕತ್ತರಿಸುವ ಮೊದಲೇ ಮಳೆ ಬಂದು, ಜನ ನುಗ್ಗಿ ನಿಂತು, ಉದ್ಘಾಟನೆಗೆ ಮುಂಚೆಯೇ ನೆನೆಯದೆ ಉಳಿದರು. ಸಾರ್ವಜನಿಕ ಶೌಚಾಲಯದ ಕಲ್ಲಿನ ಮೇಲಿನ ಪರದೆಯನ್ನು, ಇವರು ಬರುವುದು ತಡವಾಯಿತೆಂದು ಉಪಾಧ್ಯಕ್ಷರೇ ಸರಿಸಿಬಿಟ್ಟರು. ಆದ್ದರಿಂದ ಕಾರಂಜಿಯ ಸಾಮಾನು ಊರಿಗೆ ಬಂದಿಳಿದ ದಿನವೇ ಧರಣೇಂದ್ರಯ್ಯನವರು ಅದಕ್ಕೊಂದು ಷರತ್ತು ಬರೆಸಿದರು: ತಮ್ಮ ಹೆಸರಿನ ಕಲ್ಲು ಅನಾವರಣಗೊಳ್ಳುವ ತನಕ ಒಂದು ಹನಿಯೂ ಮೇಲೇಳಕೂಡದು.

"ಬರೀರಿ ಪಂಕಜಮ್ಮ," ಎಂದರು ಅವತ್ತು ಕೋಣೆಗೆ ಬಂದು. ಉದ್ಘಾಟನೆಗೆ ಕುರ್ಚಿ ಎಷ್ಟು ಹಾಕಬೇಕೆಂದು ಕೇಳಲು ಹೋಗಿದ್ದ ನಾನೂ ಅಲ್ಲೇ ನಿಂತಿದ್ದೆ. "ಮೊದ್ಲು ಕಲ್ಲು, ಆಮೇಲೆ ನೀರು. ಜನ ಮೊದ್ಲೇ ಒದ್ದೆಯಾಗಿಬಿಟ್ರೆ ನನ್ನ ಭಾಷಣ ಯಾರು ಕೇಳ್ತಾರೆ?"

"ಬರ್ದಿದ್ದೀನಿ ಸಾರ್."

"ಬರೋ ಭಾನುವಾರ ಪುರಸಭೆ ದಿನಾಚರಣೆ. ಸಾಯಂಕಾಲ ಆರಕ್ಕೆ ಸರಿಯಾಗಿ ನೀರು ಏಳಬೇಕು, ಸಂಗೀತ ಬರ್ಬೇಕು, ಕೆಂಪು ದೀಪ ಹಸಿರು ದೀಪ ಎಲ್ಲ ಕುಣೀಬೇಕು. ಕೂರಿಸಿಬಿಡಿ."

"ಸುಮ್ನೆ ನೋಡೋಣ ಇರಿ ಸಾರ್ ಮೊದ್ಲು," ಎಂದು ಪಂಕಜಕ್ಕ ಟಕಟಕ ಒತ್ತಿದಳು. ಪರದೆಯ ಮೇಲೆ ಅಕ್ಷರಗಳು ಇಳಿದವು. ಅವಳು ನೆತ್ತಿಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದಳು. ಅದು ಒಳ್ಳೆಯ ಲಕ್ಷಣವಲ್ಲ. ನಾನೂ ಬಗ್ಗಿ ನೋಡಿದೆ. 'ಕಾರಂಜಿಯನ್ನು ಕೂರಿಸಬೇಕಾದರೆ ಈ ಕೆಳಗಿನದನ್ನು ತೆಗೆಯಬೇಕಾಗುತ್ತದೆ: ಗುರುಪಾದಪ್ಪ ಬ್ಯಾಂಡ್ ಸೆಟ್. ಮುಂದುವರಿಯಲೇ?'

"ಅಷ್ಟೇನಾ!" ಎಂದು ಅಧ್ಯಕ್ಷರು ನಿಟ್ಟುಸಿರು ಬಿಟ್ಟರು. "ನಾನೆಲ್ಲೋ ನನ್ನ ಜೀಪು ಹೋಗುತ್ತೆ ಅಂದ್ಕೊಂಡೆ."

"ಸಾರ್, ಗುರುಪಾದಪ್ಪ ಅಂದ್ರೆ ನಮ್ಮನೆಯವರು."

"ಗೊತ್ತು ತಾಯಿ. ಅವರಿಗೇನೂ ಆಗಲ್ವಲ್ಲ. ಕ್ಲಾರಿನೆಟ್ಟು ಊದಿದ್ರೆ ಶಬ್ದ ಬರಲ್ಲ, ಅಷ್ಟೇ ತಾನೆ?"

"ಅಷ್ಟೇ ಸಾರ್," ಎಂದಳು ಪಂಕಜಕ್ಕ. "ಮೀನಿಗೇನೂ ಮಾಡಲ್ಲ, ನೀರು ಮಾತ್ರ ಚೆಲ್ತೀವಿ ಅಂದ ಹಾಗೆ."

ಗುರುಪಾದಣ್ಣನ ಬ್ಯಾಂಡಿನ ವಿಷಯ ಹೇಳಿಬಿಡುತ್ತೇನೆ. ದಿನಾ ಸಂಜೆ ಆರಕ್ಕೆ ಚೌಕದಲ್ಲಿ ಅವನ ಕ್ಲಾರಿನೆಟ್ಟು, ಹಿಂದೆ ಎರಡು ತುತ್ತೂರಿ, ಒಂದು ದೊಡ್ಡ ಡ್ರಮ್ಮು. ನುಡಿಸುವುದು ಒಂದೇ ರಾಗ, ಮದುವೆ ಮೆರವಣಿಗೆಯದು. ನಾನು ಹುಟ್ಟುವ ಮೊದಲು ಅವನ ಅಪ್ಪ ಅದನ್ನೇ ನುಡಿಸುತ್ತಿದ್ದನಂತೆ. ಮದುವೆಗಳು ಇರಲಿ ಬಿಡಲಿ, ಊರು ಆ ರಾಗಕ್ಕೆ ಒರಗಿಕೊಂಡು ನಿಂತಿದೆ. ಅದನ್ನು ಕೇಳಿದ ಮೇಲೆಯೇ ಬೀದಿ ದೀಪ ಹತ್ತುವುದು. ಅದನ್ನು ಕೇಳಿದ ಮೇಲೆಯೇ ಹೆಪ್ಪು ಹಾಕಿದ ಹಾಲು ಮೊಸರಾಗಲು ಮನಸ್ಸು ಮಾಡುವುದು. ನನ್ನ ಕುರ್ಚಿಗಳಂತೂ ಆ ರಾಗದ ಮೊದಲ ಸುತ್ತು ಮುಗಿಯುತ್ತಲೇ ತಾವಾಗಿ ಮಡಚಿಕೊಳ್ಳುತ್ತವೆ. ಅದಕ್ಕೇ ನಮ್ಮೂರ ಜನ ಎಲ್ಲೇ ಕೂತಿರಲಿ, ಆರು ಹೊಡೆಯುವಾಗ ಎದ್ದು ನಿಲ್ಲುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಪರಊರಿನಿಂದ ಬಂದ ಕೆಲವು ಭಾಷಣಕಾರರು ಅದನ್ನು ತಮಗೆ ಸಂದ ಗೌರವವೆಂದು ತಿಳಿದು ಕಣ್ಣೊರೆಸಿಕೊಂಡದ್ದಿದೆ.

ತೊಡಕು ಏನೆಂದರೆ, ಸಂಜೆ ಆರು ಗಂಟೆಗೆ ಒಂದೇ ರಾಗಕ್ಕೆ ಜಾಗ. ಕಾರಂಜಿಯ ಜೊತೆ ಅದರ ಕಂಪೆನಿಯವರು ಮೊದಲೇ ತುಂಬಿಟ್ಟ ರಾಗವೊಂದು ಬಂದಿತ್ತು, ಅದೂ ಆರಕ್ಕೇ ಬಂದು ಕೂರಬೇಕು. ಒಂದೇ ಸೀಟಿಗೆ ಇಬ್ಬರು ಟಿಕೆಟ್ಟು ತಂದ ಹಾಗೆ. ಬ್ಯಾಂಡು ಹೋದರೆ ಅದಕ್ಕೆ ಒರಗಿದ ದೀಪ, ಮೊಸರುಗಳ ಗತಿಯೇನೆಂದು ಪರದೆ ಹೇಳಲಿಲ್ಲ, ಅಧ್ಯಕ್ಷರೂ ಕೇಳಲಿಲ್ಲ.

"ನೋಡಿ ಪಂಕಜಮ್ಮ," ಎಂದರು ಅಧ್ಯಕ್ಷರು ಎದ್ದು ಹೊರಡುತ್ತ. "ನಾನೇನು ಕಟುಕ ಅಲ್ಲ. ಭಾನುವಾರದೊಳಗೆ ಎರಡೂ ಉಳಿಯೋ ದಾರಿ ಇದ್ರೆ ಹುಡುಕಿ. ಇಲ್ಲಾಂದ್ರೆ ಮುಂದುವರಿಯಲೇ ಅಂತ ಕೇಳ್ತಿದೆಯಲ್ಲ, ಹೂಂ ಅಂತ ಒತ್ತಿಬಿಡಿ. ನಿಮ್ಮ ಕೈಯಾರೆ ಒತ್ತಿದ್ರೇ ಚೆಂದ. ಆಮೇಲೆ ಯಾರೂ ಮಾತಾಡಂಗಿಲ್ಲ."

ಅವರು ಹೋದ ಮೇಲೆ ಪಂಕಜಕ್ಕ ಮೊದಲು ಮಾಡಿದ್ದು ಒಂದೇ ಕೆಲಸ. ಬ್ಯಾಂಡ್ ಸೆಟ್ಟಿನ ಹೆಸರಿಗೆ, ಯಾರೂ ಅಲುಗಿಸಬಾರದ ಹಾಗೆ, ತಡೆ ಹಾಕಿದಳು. "ಈ ತಡೆ ನಾನು ಹೂಂ ಅನ್ನೋ ತನಕ ಅಷ್ಟೇ ಕಣೋ," ಎಂದಳು ನನಗೆ. "ಭಾನುವಾರ ದಾರಿ ಸಿಗದಿದ್ರೆ ನಾನೇ ಬಿಚ್ಚಬೇಕು. ಅಲ್ಲೀವರೆಗಾದ್ರೂ ನನ್ನ ಗಂಡ ನನ್ನ ಹಿಡಿತದಲ್ಲಿರಲಿ."

ನನ್ನ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವತ್ತು ಬ್ಯಾಂಡು ಮುಗಿದ ಮೇಲೆ ಜಗಲಿಯಲ್ಲಿ ಗುರುಪಾದಣ್ಣ ಕ್ಲಾರಿನೆಟ್ಟನ್ನು ಬಟ್ಟೆಯಿಂದ ಒರೆಸುತ್ತ ಕೂತಿದ್ದ. ಮಗುವಿನ ಕಿವಿ ಒರೆಸುವ ಹಾಗೆ ಒರೆಸುತ್ತಿದ್ದ.

"ರೀ," ಎಂದಳು ಪಂಕಜಕ್ಕ, "ನೀವು ಕಾರಂಜಿಗೆ ಅಡ್ಡ ಬಂದಿದ್ದೀರಂತೆ."

"ನಾನಾ? ಮೆರವಣಿಗೇಲೂ ಸೈಡಲ್ಲೇ ನಡೆಯೋನು ಕಣೆ ನಾನು."

ಅವಳು ಎಲ್ಲವನ್ನೂ ಹೇಳಿದಳು. ಅವನು ಒರೆಸುವುದನ್ನು ನಿಲ್ಲಿಸಲಿಲ್ಲ. ಕ್ಲಾರಿನೆಟ್ಟಿನ ತೂತಿಗೆ ಕಣ್ಣಿಟ್ಟು ನೋಡುತ್ತ, "ಊದಿದ್ರೆ ಗಾಳಿ ಬರುತ್ತೋ ಅದೂ ಇಲ್ವೋ?" ಎಂದು ಕೇಳಿದ.

"ಗಾಳಿ ಬರುತ್ತೆ."

"ಹಂಗಾದ್ರೆ ಒಲೆ ಊದಕ್ಕಾದ್ರೂ ಆಗುತ್ತೆ ಬಿಡು," ಎಂದು ನಕ್ಕ. ಪಂಕಜಕ್ಕ ನಗಲಿಲ್ಲ. ಮಾರನೆಯ ದಿನ ಕೋಣೆಗೆ ಎರಡು ಲೋಟ ಕಾಫಿ ತೆಗೆದುಕೊಂಡು ಹೋದಳು.

ಆ ವಾರ ಅವಳು ಕೆಲಸ ಮಾಡಿದ್ದನ್ನು ನೋಡಬೇಕಿತ್ತು. ನಾನು ನೆಪ ಹುಡುಕಿ ಹುಡುಕಿ ಹೋಗಿ ನೋಡುತ್ತಿದ್ದೆ. ಒಳ್ಳೆಯ ಬಟ್ಟೆ ಹೊಲಿಯುವವರು ಹಳೆಯ ಹೊಲಿಗೆಯನ್ನು ಬಿಚ್ಚುವಾಗ ಬಟ್ಟೆಗೆ ನೋವಾಗದ ಹಾಗೆ ಬಿಚ್ಚುತ್ತಾರಲ್ಲ, ಹಾಗೆ. ಕಾರಂಜಿಯ ಒಂದೊಂದು ಆಸರೆಯನ್ನೂ ಹೆಸರು ಹಿಡಿದು ಕರೆದು, ನೀನು ಯಾಕೆ ಬಂದೆ, ನಿನ್ನನ್ನು ಯಾರು ಕರೆದರು, ನೀನಿಲ್ಲದೆ ಯಾರಾದರೂ ಅಳುತ್ತಾರಾ ಎಂದು ವಿಚಾರಿಸಿಕೊಂಡಳು. ಕೊನೆಗೊಂದು ಮಧ್ಯಾಹ್ನ ಕುರ್ಚಿಯ ಮೇಲಿದ್ದ ಕಾಲನ್ನು ಧಡಕ್ಕನೆ ಕೆಳಗಿಳಿಸಿದಳು.

"ಸಿಕ್ತು ನೋಡೋ! ಈ ಕಾರಂಜಿಗೆ ಇದೇ ರಾಗ ಬೇಕು ಅಂತ ಎಲ್ಲೂ ಇಲ್ಲ. ಆರು ಗಂಟೆಗೆ ಒಂದು ರಾಗ ಇರಬೇಕು ಅಂತ ಮಾತ್ರ ಇದೆ. ಕಂಪೆನಿಯೋರು ತಮ್ಮ ರಾಗಾನ ಅದೇ ಡಬ್ಬೀಲಿ ತುಂಬಿ ಕಳಿಸಿದ್ದಾರೆ, ಅಷ್ಟೇ. ಡಬ್ಬಿ ಬೇರೆ ಮಾಡಿದ್ರೆ ನೀರು ನಮ್ಮನೆಯವರ ರಾಗಕ್ಕೇ ಕುಣಿಯುತ್ತೆ."

ಡಬ್ಬಿ ಬೇರೆಯಾಯಿತು. 'ಸುಮ್ನೆ ನೋಡೋಣ' ಎಂದಳು. ಪರದೆ ಈ ಸಲ ಬ್ಯಾಂಡನ್ನು ತೆಗೆಯುತ್ತೇನೆ ಎನ್ನಲಿಲ್ಲ. ಬದಲಿಗೆ, 'ಕಾರಂಜಿಗೆ ಬೇಕಾದದ್ದು: ರಾಗ, ಎರಡನೆಯ ಆವೃತ್ತಿ ಅಥವಾ ಅದಕ್ಕಿಂತ ಹೊಸದು. ಊರಿನಲ್ಲಿರುವುದು: ಒಂದನೆಯ ಆವೃತ್ತಿ' ಎಂದಿತು. ಎಂದರೆ ಗುರುಪಾದಣ್ಣ ಹೊಸ ರಾಗ ಕಲಿಯಬೇಕು. ಕಾರಂಜಿ ತರುವುದಕ್ಕಿಂತ ಇದು ಕಷ್ಟದ್ದು.

"ಆಗಲ್ಲ," ಎಂದ ಗುರುಪಾದಣ್ಣ. "ಇದೇ ರಾಗ ನುಡಿಸ್ಕೊಂಡು ನಿನ್ನನ್ನ ಮನೆ ತುಂಬಿಸ್ಕೊಂಡೆ."

"ಅದಕ್ಕೇ ಹೇಳ್ತಿರೋದು, ಹಳೇದಾಯ್ತು."

"ರಾಗಾನೋ ನಾನೋ?"

"ನಿಮ್ಮಿಬ್ಬರಿಗೂ ಹೊಸ ಆವೃತ್ತಿ ಬಂದ್ರೆ ನಂಗೇನೂ ಬೇಜಾರಿಲ್ಲ."

ಎರಡು ಸಂಜೆ ಅವನು ಹಟ ಮಾಡಿದ. ಮೂರನೆಯ ದಿನ ಕ್ಲಾರಿನೆಟ್ಟು ಹಿಡಿದುಕೊಂಡು, ಏನೂ ಹೊಳೆಯದೆ, ಹೆಂಡತಿಯ ಕೋಣೆಯ ಕಿಟಕಿಯ ಕೆಳಗೆ ಬಂದು ಕೂತ. ಒಳಗೆ ಅವಳು ಎಂದಿನಂತೆ ಕೀಬೋರ್ಡು ಕುಟ್ಟುತ್ತಿದ್ದಳು: ಟಕಟಕ ಟಕಟಕ ಟಕ, ಸ್ವಲ್ಪ ನಿಂತು ಓದುವುದು, ಮತ್ತೆ ಟಕಟಕ, ಕೊನೆಗೆ ಸಿಟ್ಟಿನಿಂದ ಒಂದು ದೊಡ್ಡ ಠಕ್. ಆಮೇಲೆ ಕಾಫಿ ಗುಟುಕು. ಆಮೇಲೆ ಮತ್ತೆ. ಗುರುಪಾದಣ್ಣ ತಲೆ ಓರೆ ಮಾಡಿ ಕೇಳಿದ. ಕಿಸೆಯಿಂದ ಪೀಪಿ ತೆಗೆದು ಕ್ಲಾರಿನೆಟ್ಟಿಗೆ ಸಿಕ್ಕಿಸಿದ. ಹೊರಗೆ ಟಕಟಕದ ಬೆನ್ನಿಗೆ ಸ್ವರ ಏಳತೊಡಗಿತು; ಅವಳು ನಿಂತಲ್ಲಿ ಅವನೂ ನಿಂತ, ಅವಳು ಠಕ್ ಎಂದಲ್ಲಿ ಅವನು ಮೇಲಕ್ಕೆ ಹಾರಿದ. ಪಂಕಜಕ್ಕ ಕಿಟಕಿಯಿಂದ ತಲೆ ಹೊರಹಾಕಿದಳು.

"ಏನ್ರೀ ಅದು?"

"ನೀನು ಆ ಮಿಷನ್ನಿನ ಜೊತೆ ಜಗಳ ಆಡ್ತಿಯಲ್ಲ, ಅದು," ಎಂದ. "ಇಷ್ಟು ವರ್ಷ ನಾನು ಕೇಳಿಸ್ಕೊಂಡೇ ಇರಲಿಲ್ಲ ನೋಡು. ಚೆನ್ನಾಗಿ ಆಡ್ತೀಯ."

ಪಂಕಜಕ್ಕ ಕನ್ನಡಕವನ್ನು ಇಳಿಸಿ, ಏರಿಸಿ, ಮತ್ತೆ ಇಳಿಸಿದಳು. ಎರಡನೆಯ ಕಾಫಿ ಲೋಟವನ್ನು ಕಿಟಕಿಯಿಂದ ಅವನ ಕೈಗೆ ದಾಟಿಸಿದಳು.

ಆದರೆ ಊರು ಅಷ್ಟು ಸುಲಭಕ್ಕೆ ಒಪ್ಪುತ್ತದೆಯೇ? ಹೊಸ ರಾಗವನ್ನು ಸೇರಿಸಿ 'ಸುಮ್ನೆ ನೋಡೋಣ' ಎಂದದ್ದೇ ತಡ, ಮೊಸರು, ಬೀದಿ ದೀಪ, ನನ್ನ ಕುರ್ಚಿ, ಎಲ್ಲವೂ ಒಟ್ಟಾಗಿ ನಮಗೆ ಹಳೆಯದೇ ಬೇಕು ಎಂದು ಗಲಾಟೆ ಎಬ್ಬಿಸಿದವು. ಕಾರಂಜಿಗೆ ಹೊಸದು, ಊರಿಗೆ ಹಳೆಯದು. ಪಂಕಜಕ್ಕ ಆ ಬೈಗುಳವನ್ನೂ ಕೊನೆಯ ತನಕ ಓದಿದಳು, ಗಂಡನನ್ನು ಕರೆದಳು.

"ಶುರು ಹಳೇದ್ರಲ್ಲೇ ಮಾಡ್ರೀ. ಮೊದಲ್ನೇ ಸುತ್ತು ನಿಮ್ಮಪ್ಪನ ರಾಗ. ಅಲ್ಲಿಂದ ಗೊತ್ತಾಗ್ದಂಗೆ ಹೊಸದಕ್ಕೆ ಜಾರಿ. ಮೊಸರು ಮೊದಲ್ನೇ ಸುತ್ತು ಕೇಳಿ ಸಮಾಧಾನ ಆಗ್ಲಿ, ಆಮೇಲೆ ಕಾರಂಜಿ ಕೇಳ್ಲಿ."

"ಮೊಸರನ್ನ ಏಮಾರಿಸ್ತಿದ್ದೀವೇನೆ ನಾವು?"

"ಏಮಾರಿಸ್ತಿಲ್ಲ. ಹಳೇದನ್ನ ಒಳಗಿಟ್ಕೊಂಡೇ ಹೊಸದಾಗ್ತಿದ್ದೀವಿ. ಮೊಸರೂ ಅದನ್ನೇ ತಾನೆ ಮಾಡೋದು, ನಿನ್ನೇದೇ ಹೆಪ್ಪು ಇಟ್ಕೊಂಡು."

ಶುಕ್ರವಾರ ಸಂಜೆ ಚೌಕದಲ್ಲಿ ಮೊದಲ ಸಲ ನುಡಿಸಿದರು. ಹಳೆಯ ರಾಗ ಒಂದು ಸುತ್ತು ಬಂತು. ದೀಪಗಳು ಹತ್ತಿದವು, ನನ್ನ ಕುರ್ಚಿಗಳು ಕಟಕಟನೆ ಮಡಚಿಕೊಂಡವು. ಆಮೇಲೆ ಕ್ಲಾರಿನೆಟ್ಟು ಸಣ್ಣಗೆ ತಿರುವು ತೆಗೆದುಕೊಂಡು ಟಕಟಕದ ಹಾದಿ ಹಿಡಿಯಿತು. ತರಕಾರಿ ಗಾಡಿಯವನು ತೂಗುತ್ತಿದ್ದ ತಕ್ಕಡಿಯನ್ನು ಹಾಗೇ ಹಿಡಿದು ನಿಂತ. ಯಾರಿಗೂ ಅದು ಏನೆಂದು ಗೊತ್ತಾಗಲಿಲ್ಲ, ಆದರೂ ಎಲ್ಲರ ಕಾಲೂ ಕುಟ್ಟುತ್ತಿತ್ತು. ಮನೆಗೆ ಹೋಗಿ ನೋಡಿದರೆ ಮೊಸರು ಕತ್ತರಿಸುವ ಹಾಗೆ ಗಟ್ಟಿಯಾಗಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಒಂದೇ ಒಂದು ತಕರಾರಿಲ್ಲ. ಪಂಕಜಕ್ಕ ನನ್ನನ್ನು ಕರೆದು ಆ ಖಾಲಿ ಪರದೆಯನ್ನು ತೋರಿಸಿದಳು, ಬೇರೆಯವರು ಮಗಳ ಮದುವೆಯ ಫೋಟೋ ತೋರಿಸುವ ಹಾಗೆ. "ಕಲ್ಲಿನ ಪರದೆ ಸರಿದ್ರೆ ನೀರು, ನೀರಿನ ಜೊತೆ ರಾಗ. ಒಂದು ಗಂಟಿದ್ರೆ ಹುಡುಕ್ಕೊಡು ನೋಡೋಣ."

ಭಾನುವಾರ ಬಂತು. ನನ್ನ ಅಂಗಡಿಯ ಅಷ್ಟೂ ಕುರ್ಚಿಗಳು ಚೌಕದಲ್ಲಿ. ವೇದಿಕೆಯ ಮೇಲೆ ಧರಣೇಂದ್ರಯ್ಯನವರು, ಉಪಾಧ್ಯಕ್ಷರು, ಪರಊರಿನಿಂದ ಬಂದ ಮುಖ್ಯ ಅತಿಥಿಗಳೊಬ್ಬರು. ಒಂದು ಬದಿಗೆ ಕೆಂಪು ಪರದೆ ಹೊದ್ದ ಕಲ್ಲು, ನಡುವೆ ಥಳಥಳಿಸುವ ಕೊಳವೆಗಳ ಕಾರಂಜಿ, ಅದರ ಪಕ್ಕ ಇಸ್ತ್ರಿ ಹಾಕಿದ ಕೋಟು ತೊಟ್ಟ ಬ್ಯಾಂಡು. ಪುರಸಭೆಯ ಕಿಟಕಿ ಚೌಕದ ಕಡೆಗೇ ತೆರೆದುಕೊಳ್ಳುವುದರಿಂದ ಪಂಕಜಕ್ಕ ಕಂಪ್ಯೂಟರಿನ ಮುಂದೆ ಕೂತೇ ಎಲ್ಲವನ್ನೂ ನೋಡುತ್ತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು, ಕನ್ನಡಕ ಮಾತ್ರ ನೆತ್ತಿಯ ಮೇಲೆಯೇ. ನಾನು ಕಿಟಕಿಯ ಹೊರಗೆ ನಿಂತಿದ್ದೆ.

ಆರು ಗಂಟೆಗೆ ಸ್ವಲ್ಪ ಮುಂಚೆ ಅಧ್ಯಕ್ಷರು ಎದ್ದು, ಕೈಮುಗಿದು, ಪರದೆಯ ದಾರ ಎಳೆದರು. ಪರದೆ ಸರಿಯಲಿಲ್ಲ. ಇನ್ನೊಮ್ಮೆ ಎಳೆದರು. ಮುಖ್ಯ ಅತಿಥಿಗಳೂ ಕೈ ಹಾಕಿದರು. ಉಪಾಧ್ಯಕ್ಷರು ಹಿಂದೆಯೇ ನಿಂತು, ಶೌಚಾಲಯದ ಪರದೆ ಎಷ್ಟು ಸಲೀಸಾಗಿ ಸರಿದಿತ್ತು ಎಂದು ಪಕ್ಕದವರಿಗೆ ಹೇಳುತ್ತಿದ್ದದ್ದು ಮೈಕಿನಲ್ಲಿ ಕೇಳಿಸಿತು. ಅಧ್ಯಕ್ಷರು ಪರದೆಯನ್ನೇ ಹಿಡಿದು ಜಗ್ಗಿದರು. ಅದು ಕಲ್ಲಿಗೆ ಕಲ್ಲಾಗಿ ಕೂತಿತ್ತು.

ಪಂಕಜಕ್ಕ ಕನ್ನಡಕ ಇಳಿಸಿದಳು. ಓದಿದಳು. ಕೊನೆಯ ಸಾಲಿನ ತನಕ ಓದಿದಳು. ಆಮೇಲೆ ಕಿಟಕಿಯಿಂದ ಕೂಗಿದಳು. "ಸಾರ್! ಕಲ್ಲಿಗೆ ಷರತ್ತು ಹಾಕಿದ್ದು ಯಾರು?"

"ನಾನೇ!" ಎಂದರು ಅಧ್ಯಕ್ಷರು, ಬೆವರಿನ ನಡುವೆಯೂ ಸ್ವಲ್ಪ ಹೆಮ್ಮೆಯಿಂದ. "ಮಧ್ಯಾಹ್ನ ನೀವು ಊಟಕ್ಕೆ ಹೋಗಿದ್ರಲ್ಲ, ಆಗ ಬಂದು ನಾನೇ ಒಂದೇ ಬೆರಳಲ್ಲಿ ಒತ್ತಿದೆ. ಕಲ್ಲು ನಂದು, ಹೆಸರು ನಂದು, ಇನ್ನೊಬ್ರ ಕೈಲಿ ಯಾಕೆ ಒತ್ತಿಸ್ಲಿ?"

"ಏನಂತ ಒತ್ತಿದ್ರಿ ಸಾರ್?"

ಅವರು ಉಪಾಧ್ಯಕ್ಷರ ಕಡೆಗೊಮ್ಮೆ ನೋಡಿ ಧ್ವನಿ ತಗ್ಗಿಸಿದರು. ಮೈಕು ತಗ್ಗಿಸಲಿಲ್ಲ. "ಕೆಲವ್ರಿಗೆ ಮೊದ್ಲೇ ಬಂದು ಪರದೆ ಸರಿಸೋ ಚಟ ಇದೆ ನೋಡಿ. ಅದಕ್ಕೇ, ಕಾರಂಜಿ ಚಿಮ್ಮೋವರೆಗೂ ಈ ಪರದೆ ಯಾರು ಎಳೆದ್ರೂ ಸರೀಬಾರ್ದು ಅಂತ."

ಚೌಕದಲ್ಲಿ ಒಂದು ಗಳಿಗೆ 'ಓಹೋ' ಎಂಬಂಥ ಸದ್ದಾಯಿತು. ನಮ್ಮೂರ ಜನಕ್ಕೆ ಇಂಥದ್ದು ಬೇಗ ಅರ್ಥವಾಗುತ್ತದೆ. ಕಲ್ಲು ಕಾಣಿಸದೆ ನೀರು ಏಳುವಂತಿಲ್ಲ, ನೀರು ಏಳದೆ ಕಲ್ಲು ಕಾಣಿಸುವಂತಿಲ್ಲ. ಗಡಿಯಾರದಂಗಡಿಯವರು ಎರಡನೆಯ ಸಾಲಿನಲ್ಲಿ ಕೂತಿದ್ದರು. ಅವರು ಮೆಲ್ಲಗೆ ತಲೆಯಾಡಿಸಿ, ಪಕ್ಕದ ಖಾಲಿ ಕುರ್ಚಿಯನ್ನು ಅಧ್ಯಕ್ಷರಿಗಾಗಿ ಒರೆಸಿದರು.

"ಒಂದು ಷರತ್ತು ಅಳಿಸಿಬಿಡಿ ಪಂಕಜಮ್ಮ, ಯಾವುದಾದ್ರೂ ಒಂದು!"

"ಅಳಿಸೋಕೆ ಅದು ಒಂದ್ಸಲವಾದ್ರೂ ಕೆಲಸ ಮಾಡಿರಬೇಕಲ್ವಾ ಸಾರ್. ನೀರೂ ಎದ್ದಿಲ್ಲ, ಕಲ್ಲೂ ಕಂಡಿಲ್ಲ."

"ಹಂಗಾದ್ರೆ... ಹಂಗಾದ್ರೆ ಕಲ್ಲನ್ನೇ ತೆಗೀರಿ!" ಎಂದು ಅಷ್ಟು ದೊಡ್ಡ ತ್ಯಾಗಕ್ಕೂ ಮುಂದಾದರು.

"ತೆಗೆದ್ರೆ ಅದನ್ನ ಆತುಕೊಂಡಿರೋ ಕಾರಂಜೀನೂ ಹೋಗುತ್ತೆ ಸಾರ್. ಕಲ್ಲಿಗೆ ಕಾರಂಜಿ, ಕಾರಂಜಿಗೆ ಕಲ್ಲು. ಎರಡನ್ನೂ ನೀವೇ ಗಂಟು ಹಾಕಿದ್ದೀರಿ. ಎಂಥಾ ಗಂಟು ಅಂದ್ರೆ," ಎಂದು ಪಂಕಜಕ್ಕ ಕಂಪ್ಯೂಟರಿನ ಪರದೆಯನ್ನೇ ನೋಡುತ್ತ, ನಿಜವಾದ ಗೌರವದಿಂದ ಹೇಳಿದಳು, "ನಾನು ಇಷ್ಟು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಗಂಟು ಕಂಡಿಲ್ಲ ಸಾರ್. ಎಲ್ಲೂ ತುದಿಯೇ ಇಲ್ಲ."

"ಬಲವಂತ ಮಾಡ್ರೀ! ಅದಕ್ಕೊಂದು ಆಜ್ಞೆ ಇದೆಯಂತಲ್ಲ!"

"ಇದೆ. ಸುಮ್ನೆ ನೋಡೋಣ ಇರಿ," ಎಂದು ಅವಳು ಟಕಟಕ ಒತ್ತಿದಳು. "ಬಲವಂತ ಮಾಡಿದ್ರೆ ನೀರು ಏಳುತ್ತೆ ಸಾರ್. ಬದಲಿಗೆ ಒಂದು ವಸ್ತು ನಿಂತು ಹೋಗುತ್ತೆ ಅಂತಿದೆ."

ಗುರುಪಾದಣ್ಣ ಕ್ಲಾರಿನೆಟ್ಟನ್ನು ಎದೆಗೆ ಒತ್ತಿಕೊಂಡ. ಬಲವಂತದ ಮುಂದೆ ತಡೆ ನಿಲ್ಲುವುದಿಲ್ಲ ಎಂದು ಅವಳೇ ನನಗೆ ಹಿಂದೊಮ್ಮೆ ಹೇಳಿದ್ದಳು.

"ಏನು ನಿಲ್ಲುತ್ತೆ?" ಎಂದರು ಅಧ್ಯಕ್ಷರು.

ಪಂಕಜಕ್ಕ ಇನ್ನೊಮ್ಮೆ ಓದಿಕೊಂಡಳು. "ನಿಮ್ಮ ಮೈಕು, ಸಾರ್."

"ಇವತ್ತಿಗೆ ಮಾತ್ರಾನಾ?"

"ಇವತ್ತಿಗೆ ಅಂತ ಬರ್ದಿಲ್ಲ."

ಧರಣೇಂದ್ರಯ್ಯನವರು ಕಾರಂಜಿಯನ್ನು ನೋಡಿದರು, ಮೈಕನ್ನು ನೋಡಿದರು. ಜನ ಅವರನ್ನು ನೋಡಿದರು. ಕಿಸೆಯಲ್ಲಿದ್ದ ಭಾಷಣದ ಹಾಳೆಗಳನ್ನು ಅವರು ಹೊರಗಿನಿಂದಲೇ ಒಮ್ಮೆ ತಡವಿಕೊಂಡರು. ಆಮೇಲೆ ಮೈಕಿನ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, "ಬಲವಂತ ಬೇಡ," ಎಂದರು. "ನಾವು ಪ್ರಜಾಪ್ರಭುತ್ವದಲ್ಲಿ ಇದ್ದೀವಿ."

ಸರಿಯಾಗಿ ಆಗಲೇ ಆರು ಹೊಡೆಯಿತು. ಊರವರೆಲ್ಲ ರೂಢಿಯ ಪ್ರಕಾರ ಒಟ್ಟಿಗೆ ಎದ್ದು ನಿಂತರು. ಅಧ್ಯಕ್ಷರ ಕಣ್ಣು ತುಂಬಿತು. ಗುರುಪಾದಣ್ಣ ಕ್ಲಾರಿನೆಟ್ಟನ್ನು ತುಟಿಗಿಟ್ಟು ಕಿಟಕಿಯ ಕಡೆ ನೋಡಿದ. ಅರ್ಧಕ್ಕೆ ನಿಂತ ಈ ಗದ್ದಲದಲ್ಲಿ ತನ್ನ ರಾಗ ಉಳಿದಿದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಪಂಕಜಕ್ಕ ಊದಿ ಎಂದು ಕೈಸನ್ನೆ ಮಾಡಿದಳು. ಅವನು ಊದಿದ. ಅಪ್ಪನ ರಾಗ ಎದ್ದಿತು, ದೀಪ ಹತ್ತಿತು, ಕುರ್ಚಿಗಳು ಕಟಕಟನೆ ಮಡಚಿಕೊಂಡವು, ರೂಢಿ ಗೊತ್ತಿಲ್ಲದ ಮುಖ್ಯ ಅತಿಥಿಗಳು ತಮ್ಮ ಕುರ್ಚಿಯೊಳಗೇ ಮಡಚಿಹೋದರು. ನಾನು ಓಡಿ ಹೋಗಿ ಬಿಡಿಸುವಷ್ಟರಲ್ಲಿ ರಾಗ ತಿರುವು ತೆಗೆದುಕೊಂಡು ಕೀಬೋರ್ಡಿನ ದಾರಿ ಹಿಡಿದಿತ್ತು. ನೀರಿಲ್ಲದ ಕಾರಂಜಿಯ ಸುತ್ತ ಊರಿಗೆ ಊರೇ ಕುಣಿಯಿತು. ಒಬ್ಬರೂ ಒದ್ದೆಯಾಗಲಿಲ್ಲ.

ಈಗ ಬ್ಯಾಂಡು ಕಾರಂಜಿಯ ತೊಟ್ಟಿಯೊಳಗೇ ಕೂತು ನುಡಿಸುತ್ತದೆ. ದುಂಡಗಿನ ತೊಟ್ಟಿ, ಸ್ವರ ಒಳಗೇ ಒಂದು ಸುತ್ತು ಹಾಕಿ ಹೊರಬರುವುದರಿಂದ ಊರಾಚೆಯ ಮನೆಗಳಲ್ಲೂ ಮೊಸರು ಮೊದಲಿಗಿಂತ ಗಟ್ಟಿ. ಧರಣೇಂದ್ರಯ್ಯನವರು ದಿನಾ ಸಂಜೆ ವಾಕಿಂಗಿಗೆ ಬಂದು, ಕೆಂಪು ಪರದೆಯ ಅಂಚನ್ನು ಎರಡು ಬೆರಳಿನಿಂದ ಒಮ್ಮೆ ಎಳೆದು ನೋಡಿ, ಪುರಸಭೆಯ ಕಿಟಕಿಯ ಹತ್ತಿರ ನಿಲ್ಲುತ್ತಾರೆ.

"ಪಂಕಜಮ್ಮ, ಇವತ್ತೇನಾದ್ರೂ...?"

"ನೀರು ಎದ್ದ ತಕ್ಷಣ ನಿಮ್ಮ ಹೆಸರು ಕಾಣುತ್ತೆ ಸಾರ್," ಎನ್ನುತ್ತಾಳೆ ಪಂಕಜಕ್ಕ, ಕಾಲನ್ನು ಕುರ್ಚಿಯಿಂದ ಇಳಿಸದೆ. "ನಿಮ್ಮ ಹೆಸರು ಕಂಡ ತಕ್ಷಣ ನೀರು ಏಳುತ್ತೆ. ಮಿಕ್ಕಿದ್ದೆಲ್ಲ ರೆಡಿ ಇದೆ."